ಪುಸ್ತಕದ ಹುಡುಗಿಯನ್ನು ಕೇಳಿ

ಕಳೆದ ತಿಂಗಳು ನಮ್ಮ ಗೋದಾಮಿನ ಗುಮಾಸ್ತರಿಗೆ ಮೊಮ್ಮಗ ಹುಟ್ಟಿದ. ಬಾಣಂತಿಗೆ ಬೇಕಾದ ಸಾಮಾನು ತರಲು ಅವರ ಜೊತೆ ವಿಜಯವಾಡದ ಒನ್ ಟೌನಿನ ಗಲ್ಲಿಯೊಂದರ ಗ್ರಂಧಿಗೆ ಅಂಗಡಿಗೆ ಹೋಗಿದ್ದೆ. ಅಂಗಡಿಯವನು ಡಬ್ಬದಿಂದ ಬಜೆ ತೆಗೆದು ಹಳೆಯ ಪೇಪರಿನ ಮೇಲೆ ಸುರಿದ. ಬೆರಳುದ್ದದ, ಗಂಟು ಗಂಟಾದ ಬೇರು. ಕೂಸಿಗೆ ಮಾತು ಚೆನ್ನಾಗಿ ಬರಲಿ ಎಂದು ತೇಯ್ದು ನಾಲಿಗೆಗೆ ಮುಟ್ಟಿಸುವುದು ನಮ್ಮ ಕಡೆಯೂ ಇದೆ, ಇಲ್ಲಿಯೂ ಇದೆ. ಆ ಘಾಟು ವಾಸನೆ ಮೂಗಿಗೆ ಬಡಿದಾಗ ನನಗೆ ಮಾತ್ರ ಯಾವ ಕೂಸಿನ ನೆನಪೂ ಬರಲಿಲ್ಲ. ಪುಸ್ತಕಗಳ ನೆನಪು ಬಂತು. ಪುಸ್ತಕಗಳ ಹಿಂದೆಯೇ, ಕನ್ನಡಕಕ್ಕೆ ದಾರ ಕಟ್ಟಿಕೊಂಡು, ಮಂಡಿನೋವಿಗೆ ಒಂದು ಕಡೆ ವಾಲಿ ನಡೆಯುತ್ತಿದ್ದ ಒಬ್ಬ ಮುದುಕಿಯ ನೆನಪು ಬಂತು. ಅವರು ತಮ್ಮ ಪುಸ್ತಕದ ಬೀರುವಿನ ಒಂದೊಂದು ಖಾನೆಯಲ್ಲೂ ಹುಳ ಬಾರದಿರಲೆಂದು ಬಜೆಯ ತುಂಡು ಇಡುತ್ತಿದ್ದರು.

ಆಗ ನಾವು ವಿಶಾಖಪಟ್ಟಣದ ಮಧುರವಾಡದಲ್ಲಿದ್ದೆವು. ನಾನು ಅರಸೀಕೆರೆ ಕಡೆಯವನು. ಔಷಧ ಕಂಪನಿಯಲ್ಲಿ ಕೆಲಸ ಸಿಕ್ಕಿ, ಎರಡೇ ವರ್ಷ ಎಂದುಕೊಂಡು, ಹೆಂಡತಿಯನ್ನೂ ಎರಡು ವರ್ಷದ ಮಗಳನ್ನೂ ಕರೆದುಕೊಂಡು ಬಂದವನು ಹನ್ನೆರಡು ವರ್ಷ ಅಲ್ಲೇ ಕೂತೆ. ಆ ಹನ್ನೆರಡು ವರ್ಷವೂ ನಮ್ಮ ಮನೆಯಲ್ಲಿ ಪ್ಲಾಸ್ಟಿಕ್ ಕುರ್ಚಿಗಳೇ. ಹೇಗೂ ಹೋಗುವವರು, ಒಳ್ಳೆಯ ಸೋಫಾ ಯಾಕೆ, ಎಂದು. ಗೋಡೆಗೆ ಮೊಳೆ ಹೊಡೆಯುವಾಗಲೂ ಯೋಚಿಸುತ್ತಿದ್ದೆ.

ನಾವು ಎರಡನೇ ಮಹಡಿ, ಅವರು ನೆಲಮಹಡಿ. ಶಾಲೆಯೊಂದರ ಲೈಬ್ರರಿ ನೋಡಿಕೊಂಡಿದ್ದು ನಿವೃತ್ತರಾದವರು. ಗಂಡ ತೀರಿಕೊಂಡಿದ್ದರು, ಮಗ ದೂರದಲ್ಲೆಲ್ಲೋ ಇದ್ದ. ಅಪಾರ್ಟ್‌ಮೆಂಟಿನವರೆಲ್ಲ ಅವರನ್ನು ಮಾಮ್ಮಗಾರು ಎನ್ನುತ್ತಿದ್ದರು. ಅಲ್ಲಿ ವಯಸ್ಸಾದ ಹೆಂಗಸರನ್ನು ಹಾಗೆ ಕರೆಯುವುದು, ನಾವು ಅಜ್ಜಿ ಎನ್ನುವಂತೆ. ನಾನೂ ಹಾಗೇ ಕರೆದೆ. ಅವರ ಹೆಸರನ್ನು ನಾನು ಯಾವತ್ತೂ ಕೇಳಲಿಲ್ಲ. ಕೇಳದೆ ಬಿಟ್ಟದ್ದು ಅದೊಂದೇ ಅಲ್ಲ ಬಿಡಿ.

ಮಗಳು ಒಂಬತ್ತನೇ ತರಗತಿಗೆ ಬರುವ ಹೊತ್ತಿಗೆ ನಮ್ಮ ಮನೆಯಲ್ಲಿ ಒಂದು ಕಾಯಿದೆ ಇತ್ತು. ಮಾಡಿದವನು ನಾನೇ. ರಾತ್ರಿ ಊಟಕ್ಕೆ ಕೂತಾಗ ಕನ್ನಡ ಬಿಟ್ಟು ಬೇರೆ ಮಾತಿಲ್ಲ. ಊರಿಗೆ ಹೋದಾಗ ನಮ್ಮಣ್ಣ, “ಏನೋ, ನಿನ್ ಮಗ್ಳು ಅಜ್ಜಿ ಜೊತೆ ಎರಡು ಮಾತಾಡಕ್ಕೂ ತಿಣುಕ್ತಾಳಲ್ಲೋ” ಎಂದು ನಗಾಡಿದ್ದ. ಅದು ನನಗೆ ಚುಚ್ಚಿತ್ತು. ವಾಪಸು ಬಂದವನೇ ಕಾಯಿದೆ ಮಾಡಿದೆ. ಅವತ್ತಿನಿಂದ ಊಟದ ಹೊತ್ತಿನಲ್ಲಿ ಮನೆ ಗಪ್‌ಚುಪ್. “ಅನ್ನ ಹಾಕಮ್ಮ.” “ಮೊಸರು.” “ಸಾಕು.” ಅಷ್ಟೇ. ನಾನು ಅದನ್ನು ಶಿಸ್ತು ಎಂದುಕೊಂಡಿದ್ದೆ. ಮಗಳ ಕನ್ನಡದಲ್ಲಿ ಅನ್ನ, ನೀರು, ಸ್ನಾನ, ಹಬ್ಬ ಇತ್ತು. ಅವಳ ಜಗಳ, ಅವಳ ಗೆಳತಿ, ಅವಳ ಭಯ ಎಲ್ಲವೂ ತೆಲುಗಿನಲ್ಲಿತ್ತು. ನನ್ನ ತೆಲುಗೋ, ಕಾರ್ಖಾನೆಯ ತೆಲುಗು. ವಾಲ್ವು, ರಜೆ, ಲೋಡು, ಒಂದಿಷ್ಟು ಬೈಗುಳ. ಒಂದೇ ಮನೆಯಲ್ಲಿ ಇದ್ದುಕೊಂಡು ಅಪ್ಪ ಮಗಳು ಮೊಸರಿನ ಆಚೆಗೆ ಮಾತಾಡುವ ಹಾಗೇ ಇರಲಿಲ್ಲ.

ಇದು ಗೊತ್ತಾಗಿದ್ದು ಶಾಲೆಯಲ್ಲಿ. ಹೆಂಡತಿಗೆ ಆಸ್ಪತ್ರೆಯಲ್ಲಿ ಡ್ಯೂಟಿ ಇದ್ದದ್ದರಿಂದ ಪೋಷಕರ ಸಭೆಗೆ ನಾನು ಹೋಗಿದ್ದೆ. ತೆಲುಗು ಮೇಷ್ಟ್ರು ಮಗಳ ನೋಟ್‌ಬುಕ್ ತೆರೆದು ನನ್ನ ಕೈಗಿಟ್ಟು, “ಚೂಡಂಡಿ ಸಾರ್, ಎಂತ ಬಾಗಾ ರಾಸಿಂದೋ” ಎಂದರು. ನೋಡಿ, ಎಷ್ಟು ಚೆನ್ನಾಗಿ ಬರೆದಿದ್ದಾಳೆ, ಎಂದು. ಓದುತ್ತಾ ತಮಗೆ ಕಣ್ಣು ತುಂಬಿ ಬಂತು ಎಂದೂ ಹೇಳಿದರು. ತೆಲುಗಿನ ಅಕ್ಷರ ನಮ್ಮ ಅಕ್ಷರದ ಅಣ್ಣತಮ್ಮಂದಿರ ಹಾಗೆ, ಕೂಡಿಸಿ ಕೂಡಿಸಿ ಓದಬಲ್ಲೆ. ಎರಡು ಸಾಲು ಓದಿದೆ. ಒಂದು ಪದವೂ ಒಳಗಿಳಿಯಲಿಲ್ಲ. ತಲೆಯಾಡಿಸಿದೆ, ದೊಡ್ಡದಾಗಿ ನಕ್ಕೆ, ಬಹಳ ಸಂತೋಷ ಎಂದೆ. ಥೂ, ಆ ನಗು ನೆನಪಾದರೆ ಈಗಲೂ ಮುಖ ಬಿಸಿಯಾಗುತ್ತದೆ.

ಮನೆಗೆ ಬಂದು ಏನು ಬರೆದಿದ್ದೀ ಎಂದು ಕೇಳಿದೆ. “ಏನೂ ಇಲ್ಲ ಅಪ್ಪ, ಹೋಂವರ್ಕ್” ಎಂದಳು. ಮಾರನೆಯ ದಿನ ಅವಳು ಬೇರೆ ಪುಸ್ತಕ ಹಿಡಿದು ಶಾಲೆಗೆ ಹೋದ ಮೇಲೆ ಆ ನೋಟ್‌ಬುಕ್ ಕಂಕುಳಲ್ಲಿಟ್ಟುಕೊಂಡು ಕಳ್ಳನ ಹಾಗೆ ಕೆಳಗಿಳಿದು ಮಾಮ್ಮಗಾರ ಬಾಗಿಲು ತಟ್ಟಿದೆ. ಇದರಲ್ಲಿ ಏನಿದೆ, ಓದಿ ಹೇಳಿ, ಎಂದೆ. ಅವರು ಕನ್ನಡಕ ಏರಿಸಿದರು, ಮೇಲಿನ ಹೆಸರು ನೋಡಿದರು, ಮುಚ್ಚಿ ನನಗೇ ವಾಪಸು ಕೊಟ್ಟರು.

“ಇದಿ ಮೀ ಅಮ್ಮಾಯಿದಿ ಬಾಬು. ನೇನು ಚದವನು. ಆದಿವಾರಂ ಇದ್ದರೂ ರಂಡಿ.”

ಇದು ನಿಮ್ಮ ಹುಡುಗಿಯದು, ನಾನು ಓದುವುದಿಲ್ಲ, ಭಾನುವಾರ ಇಬ್ಬರೂ ಬನ್ನಿ ಎಂದು. ನನಗೆ ಸಿಟ್ಟು ಬಂತು. ಒಂದು ಪುಟ ಓದಿ ಹೇಳಿದ್ದರೆ ಇವರ ಗಂಟೇನು ಹೋಗುತ್ತಿತ್ತು ಎಂದು ಗೊಣಗಿಕೊಂಡೇ ಮೆಟ್ಟಿಲು ಹತ್ತಿದೆ.

ಆದರೂ ಹೋದೆ. ಹೆಂಡತಿ ಬಿಡಬೇಕಲ್ಲ. ಭಾನುವಾರ ಬೆಳಿಗ್ಗೆ ಹತ್ತಕ್ಕೆ ಅವರ ಹಾಲಿನಲ್ಲಿ ಚಾಪೆ ಹಾಸಿರುತ್ತಿತ್ತು. ನಮ್ಮ ಹಾಗೇ ಹೊರಗಿನಿಂದ ಬಂದ ನಾಲ್ಕು ಮನೆಯವರು. ಒಡಿಶಾದ ದಂಪತಿ, ಒಬ್ಬ ಮಲಯಾಳಿ ನರ್ಸಮ್ಮ, ನೌಕಾಪಡೆಯಲ್ಲಿದ್ದವರ ಹೆಂಡತಿ, ನಾನು. ಎಲ್ಲರ ಮಕ್ಕಳೂ ತೆಲುಗಿನಲ್ಲಿ ಬೆಳೆದವು, ಅಪ್ಪ ಅಮ್ಮಂದಿರು ಬಾಗಿಲಾಚೆ ನಿಂತವರು. ಮಾಮ್ಮಗಾರ ಪದ್ಧತಿ ಸರಳವಾಗಿತ್ತು. ಮಕ್ಕಳ ಕಥೆ ಪುಸ್ತಕವನ್ನು ದೊಡ್ಡವರು ಗಟ್ಟಿಯಾಗಿ ಓದಬೇಕು. ಮಗು ಪಕ್ಕದಲ್ಲಿ ಕೂತು ತಿದ್ದಬೇಕು, ಅರ್ಥ ಹೇಳಬೇಕು. ಎರಡು ಪುಟಕ್ಕೊಮ್ಮೆ ಪುಸ್ತಕ ಕೆಳಗಿಟ್ಟು ದೊಡ್ಡವರು ಮಗುವಿಗೆ ಪ್ರಶ್ನೆ ಕೇಳಬೇಕು. ಯಾವ ಭಾಷೆಯಲ್ಲಾದರೂ ಕೇಳಿ, ಯಾವ ಭಾಷೆಯಲ್ಲಾದರೂ ಉತ್ತರ ಬರಲಿ. ಪ್ರಶ್ನೆ ಮಾತ್ರ ಪುಸ್ತಕದಲ್ಲಿ ಇರುವವರ ಬಗ್ಗೆಯೇ ಇರಬೇಕು.

ಮೊದಲ ಭಾನುವಾರ ನಾನು ಓದಿದ್ದು ಲಾರಿಯಿಂದ ಮೂಟೆ ಇಳಿಸಿದ ಹಾಗಿತ್ತು. ಮಕ್ಕಳು ಕಿಸಕ್ ಎಂದವು. ನನ್ನ ಮಗಳು ನಾಚಿಕೆಯಿಂದ ಫ್ಯಾನು ನೋಡುತ್ತಾ ಕೂತಳು. ಕಥೆಯಲ್ಲಿ ಇಬ್ಬರು ಗೆಳತಿಯರು ಶಾಲೆಯ ಬಸ್ಸಿನ ಸೀಟಿಗಾಗಿ ಜಗಳವಾಡಿಕೊಂಡು ಮಾತು ಬಿಟ್ಟಿದ್ದರು. ಪ್ರಶ್ನೆ ಕೇಳಿ ಎಂದಾಗ ನಾನು ಮಗಳ ಕಡೆ ತಿರುಗಿ, “ನಿನಗೂ ಯಾರ ಜೊತೆನಾದ್ರೂ ಜಗಳ ಆಗಿದ್ಯಾ?” ಎಂದುಬಿಟ್ಟೆ. ಮಾಮ್ಮಗಾರು ಕನ್ನಡಕದ ಡಬ್ಬಿಯಿಂದ ಮೇಜಿಗೆ ಟಕಟಕ ಬಡಿದರು.

“ಆ ಪಿಲ್ಲನಿ ಅಡಗಂಡಿ ಬಾಬು, ಈ ಪಿಲ್ಲನಿ ಕಾದು.”

ಆ ಹುಡುಗಿಯನ್ನು ಕೇಳಿ, ಈ ಹುಡುಗಿಯನ್ನಲ್ಲ. ಎಷ್ಟು ಸಲ ಅನ್ನಿಸಿಕೊಂಡೆನೋ ಆ ಮಾತನ್ನು! ಪರೀಕ್ಷೆಯಲ್ಲಿ ಎಡವಿದವನ ಹಾಗೆ ತಲೆ ಕೆರೆದುಕೊಂಡು, ಪುಸ್ತಕದ ಹುಡುಗಿ ಈಗ ಯಾರ ಪಕ್ಕ ಕೂರುತ್ತಾಳೆ ಎಂದು ಕೇಳಿದೆ. ಅದು ಪುಸ್ತಕದಲ್ಲಿ ಇರಲಿಲ್ಲ. ಮಗಳು ಫ್ಯಾನಿನಿಂದ ಕಣ್ಣಿಳಿಸಿ, “ಡ್ರೈವರ್ ಪಕ್ಕ. ಒಬ್ಬಳೇ” ಎಂದಳು. ಮಾರನೆಯ ದಿನ ನನಗೆ ವಾರದ ರಜೆ. ಸಂಜೆ ಗೇಟಿನ ಬಳಿ ನಿಂತಿದ್ದೆ. ಶಾಲೆಯ ವ್ಯಾನು ಬಂತು. ನನ್ನ ಮಗಳು ಇಳಿದದ್ದು ಡ್ರೈವರ್ ಪಕ್ಕದ ಸೀಟಿನಿಂದ. ಬ್ಯಾಗು ಇಸಕೊಂಡು ಅವಳ ಜೊತೆ ಮೆಟ್ಟಿಲು ಹತ್ತಿದೆ. ಆ ರಾತ್ರಿ ಊಟದ ಕಾಯಿದೆಯನ್ನು ನಾನೇ ಮರೆತ ಹಾಗೆ ಮಾಡಿದೆ.

ಹೀಗೆ ಆರೇಳು ತಿಂಗಳು ನಡೆಯಿತು. ನೌಕಾಪಡೆಯವರ ಹೆಂಡತಿ ಧಾರವಾಡದ ಕಡೆಯವರು, ನಮಗೆ ಅಲ್ಲಿದ್ದ ಒಬ್ಬರೇ ಕನ್ನಡದ ನೆರೆಯವರು. ಅವರು ಒಮ್ಮೆ ಕಾಫಿ ಕುಡಿಯುತ್ತಾ, “ಏನ್ ಹೇಳ್ಲಿ ಅಣ್ಣಾರ, ನಮ್ಮ ಹುಡುಗ ಆ ಪುಸ್ತಕದಾಗಿನ ಕುರಿಮರಿ ಬಗ್ಗೆ ತಾಸುಗಟ್ಲೆ ಮಾತಾಡ್ತಾನ್ರೀ. ಅವರಪ್ಪ ಹಡಗಿನ ಮ್ಯಾಲೆ ಹೋದಾಗಿಂದ ನನ್ನ ಜೋಡಿ ಒಂದ್ ಮಾತಿಲ್ಲ. ಕುರಿಮರಿ ಅಂದ್ರ ಅವನ ಏನೋ ಅಂತ ಅನ್ಸಾಕತ್ತೈತಿ” ಎಂದು ನಗುತ್ತಲೇ ಕಣ್ಣು ಒರೆಸಿಕೊಂಡಿದ್ದರು. ಮಾಮ್ಮಗಾರಿಗೆ ಕನ್ನಡ ಬರುತ್ತಿರಲಿಲ್ಲ. ಆದರೂ ಎದ್ದು ಹೋಗಿ ಅವರ ಲೋಟಕ್ಕೆ ಇನ್ನಷ್ಟು ಕಾಫಿ ಬಗ್ಗಿಸಿದರು.

ಆ ತಿಂಗಳುಗಳಲ್ಲಿ ನನಗೆ ಮಗಳ ಬಗ್ಗೆ ತಿಳಿದದ್ದು ಅದಕ್ಕೆ ಹಿಂದಿನ ಹನ್ನೆರಡು ವರ್ಷದಲ್ಲಿ ತಿಳಿದಿರಲಿಲ್ಲ. ಪುಸ್ತಕದ ಯಾರ್ಯಾರ ಬಾಯಲ್ಲೋ ಅವಳು ಹೇಳುತ್ತಿದ್ದಳು. ಆಮೇಲೆ ಆಮೇಲೆ ಮೆಟ್ಟಿಲು ಹತ್ತುವಾಗ ತನ್ನ ಬಾಯಲ್ಲೇ ಹೇಳತೊಡಗಿದಳು. ಅರ್ಧ ಕನ್ನಡ, ಅರ್ಧ ತೆಲುಗು. ಗೆಳತಿಯ ಜೊತೆ ರಾಜಿಯಾದದ್ದು. ತೆಲುಗು ಮೇಷ್ಟ್ರು ಮುಂದಿನ ವರ್ಷ ಶಾಲೆಯ ಗೋಡೆ ಪತ್ರಿಕೆಯನ್ನು ಅವಳ ಕೈಗೆ ಕೊಡುವುದಾಗಿ ಹೇಳಿದ್ದು. ನೆಲಮಹಡಿಯಿಂದ ಎರಡನೇ ಮಹಡಿಗೆ ಮೂವತ್ತಾರು ಮೆಟ್ಟಿಲು. ನಾನು ಬೇಕೆಂದೇ ನಿಧಾನವಾಗಿ ಹತ್ತುತ್ತಿದ್ದೆ.

ಅಷ್ಟರಲ್ಲಿ ಕಂಪನಿಯ ಕಾಗದ ಬಂತು. ವಿಜಯವಾಡದ ಗೋದಾಮಿಗೆ ಬಡ್ತಿ. ಶಿಫ್ಟ್ ಇಲ್ಲ, ಹಗಲು ಕೆಲಸ, ಸಂಜೆ ಆರಕ್ಕೆ ಮನೆ. ಹನ್ನೆರಡು ವರ್ಷದಿಂದ ಶಿಫ್ಟಿನಲ್ಲಿ ಸವೆದ ಮನುಷ್ಯನಿಗೆ ಅದೊಂದು ವರ. ನಾನು ಎಷ್ಟು ದಣಿದಿದ್ದೆನೆಂದರೆ, ಕಂಪನಿಯ ವ್ಯಾನಿನಲ್ಲಿ ಕೂತು ಇಳಿಯುವ ಜಾಗ ಬಂದರೂ ಎದ್ದೇಳಲು ಬೇಸರವಾಗಿ ಮುಂದಿನ ಸ್ಟಾಪಿನವರೆಗೆ ಹೋಗಿಬಿಡುತ್ತಿದ್ದೆ. ಮಗಳ ಜೊತೆ ದಿನಾ ಸಂಜೆ ಕೂರಬಹುದು ಎಂದೂ ಆಸೆಯಾಯಿತು. ಅವಳಿಗಾಗಿಯೇ ಹೋಗುತ್ತಿದ್ದೇನೆ ಎಂದು ನನಗೆ ನಾನೇ ಹೇಳಿಕೊಂಡೆ. ಇನ್ನು ಊರು ಬಿಡುವ ಮಾತು... ನಿಜ ಹೇಳುತ್ತೇನೆ, ಅದೊಂದು ಮಾತು ಎಂದೇ ನನಗೆ ಅನ್ನಿಸಲಿಲ್ಲ. ನನಗೆ ವಿಶಾಖಪಟ್ಟಣವೂ ಒಂದೇ, ವಿಜಯವಾಡವೂ ಒಂದೇ. ಎರಡೂ ಪರಊರು. ಒಂದು ಬಾಡಿಗೆ ಮನೆಯಿಂದ ಇನ್ನೊಂದು ಬಾಡಿಗೆ ಮನೆಗೆ, ಅದೇ ಪ್ಲಾಸ್ಟಿಕ್ ಕುರ್ಚಿ. ಊರು ಅಂದರೆ ಅರಸೀಕೆರೆ. ನನ್ನ ಮಗಳಿಗೆ ಊರು ಯಾವುದು ಎಂದು ಯೋಚಿಸಿದವನೇ ಅಲ್ಲ.

ಮೆಟ್ಟಿಲ ಬಳಿ ಸಿಕ್ಕ ಮಾಮ್ಮಗಾರಿಗೆ ಹಿಗ್ಗಿನಿಂದ ಹೇಳಿದೆ. ಅವರು ಹಿಗ್ಗಲಿಲ್ಲ.

“ಪಿಲ್ಲಕಿ ಚೆಪ್ಪಾರಾ?”

ಮಗುವಿಗೆ ಹೇಳಿದಿರಾ ಎಂದು. ಇನ್ನೂ ಇಲ್ಲ, ಇಲ್ಲೇ ಪಕ್ಕದ ಊರಲ್ಲವೇ ಮಾಮ್ಮಗಾರು, ಭಾಷೆ ಅದೇ, ಪಾಠ ಅದೇ, ಎಂದೆ. ಅವರು ಗೋಡೆ ಹಿಡಿದುಕೊಂಡು ಒಂದು ಹೆಜ್ಜೆ ಹತ್ತಿರ ಬಂದರು. ಹೇಳುವುದು ಬೇರೆ, ಕೇಳುವುದು ಬೇರೆ ಬಾಬು, ನೀವು ಕೇಳಬೇಕು, ಎಂದರು. ಉತ್ತರ ಕೊಡಲು ಎಷ್ಟು ದಿನವಿದೆ ಎಂದು ವಿಚಾರಿಸಿದರು. ಒಂದು ತಿಂಗಳು ಎಂದೆ. ಹಾಗಾದರೆ ನನಗೆ ನಾಲ್ಕು ಭಾನುವಾರ ಕೊಡಿ, ಒಂದು ಪುಸ್ತಕವಿದೆ, ಅದು ಮುಗಿಯುವವರೆಗೆ ಸಹಿ ಹಾಕಬೇಡಿ, ಎಂದು ಕೈ ಹಿಡಿದು ಕೇಳಿದರು. ವಯಸ್ಸಾದವರು, ಕೈ ಹಿಡಿದಿದ್ದಾರೆ. “ಅಲಾಗೇ ಮಾಮ್ಮಗಾರು” ಎಂದೆ. ಆಗಲಿ ಎಂದು ಮಾತು ಕೊಟ್ಟೆ.

ಆ ಪುಸ್ತಕದಲ್ಲಿ ಬುಟ್ಟಿ ಹೆಣೆಯುವವರ ಒಂದು ಕುಟುಂಬವಿತ್ತು. ಒಂದೂರಿನ ಬಿದಿರು ಮುಗಿದರೆ ಗಾಡಿ ಕಟ್ಟಿ ಇನ್ನೊಂದೂರಿಗೆ ಹೋಗುವವರು. ಹೊರಡುವ ಹಿಂದಿನ ದಿನ ಮಗಳು ಗಾಡಿಯ ಚಕ್ರದ ಕಡಾಣಿಯನ್ನು ಕಿತ್ತು ಎಲ್ಲೋ ಬಚ್ಚಿಟ್ಟುಬಿಡುತ್ತಾಳೆ. ಕಡಾಣಿಯಿಲ್ಲದೆ ಚಕ್ರ ನಿಲ್ಲುವುದಿಲ್ಲ, ಗಾಡಿ ಹೊರಡುವುದಿಲ್ಲ. ಮಾಮ್ಮಗಾರು ಈ ಪುಸ್ತಕವನ್ನೇ ಯಾಕೆ ತೆಗೆದರೆಂದು ತಿಳಿಯದಷ್ಟು ದಡ್ಡನೇನಲ್ಲ ನಾನು. ಮೊದಲ ಎರಡು ಭಾನುವಾರ ಓದಿದೆ. ಗಾಡಿ, ಬಿದಿರು, ಆ ಊರಿನ ಬಾವಿಕಟ್ಟೆಯ ಹುಡುಗಿಯರು. ಮಗಳು ಅರ್ಥ ಹೇಳುತ್ತಾ ಹೋದಳು. ಅವಳಿಗೆ ವಿಷಯ ಗೊತ್ತಿರಲಿಲ್ಲ, ಕಥೆಯ ಗುಂಗಿನಲ್ಲಿದ್ದಳು.

ಮೂರನೆಯ ಭಾನುವಾರ ನಾನು ಹೋಗಲಿಲ್ಲ. ಶನಿವಾರ ಡಬಲ್ ಶಿಫ್ಟ್ ಆಗಿತ್ತು. ಮಗಳು ಬಂದು ಎರಡು ಸಲ ಎಬ್ಬಿಸಿದಳಂತೆ, ನನಗೆ ಎಚ್ಚರವೇ ಇಲ್ಲ. ಆಮೇಲೆ ಒಬ್ಬಳೇ ಕೆಳಗೆ ಹೋದಳು. ನನ್ನ ಬದಲು ಮಾಮ್ಮಗಾರೇ ಓದಿದರಂತೆ.

ಆ ಶುಕ್ರವಾರ ಮ್ಯಾನೇಜರ್ ಲೋಡಿಂಗ್ ಜಾಗಕ್ಕೇ ಬಂದರು. ತಿಂಗಳ ಗಡುವಿಗೆ ಇನ್ನೂ ದಿನವಿತ್ತು. ಆದರೆ ಅವರಿಗೆ ಎಲ್ಲರ ಕಾಗದವನ್ನೂ ಒಟ್ಟಿಗೆ ಹೆಡ್ ಆಫೀಸಿಗೆ ಕಳಿಸಿ ಕೈ ತೊಳೆದುಕೊಳ್ಳಬೇಕಿತ್ತು. ಸಹಿ ಹಾಕಿಬಿಡಿ, ಹೇಗೂ ಹೋಗುತ್ತೀರಲ್ಲ, ಎಂದರು. ಸೋಮವಾರ ಕೊಡುತ್ತೇನೆ ಸಾರ್ ಎಂದಿದ್ದರೆ ಅವರು ಬೇಡವೆನ್ನುತ್ತಿರಲಿಲ್ಲ. ಈ ಮಾತನ್ನು ಹತ್ತು ವರ್ಷದಲ್ಲಿ ನನ್ನ ತಲೆಯೊಳಗೆ ಎಷ್ಟು ಸಲ ಆಡಿದ್ದೇನೋ ಲೆಕ್ಕವಿಲ್ಲ. ಅವತ್ತು ಆಡಲಿಲ್ಲ. ಕಾಲು ನೋಯುತ್ತಿತ್ತು. ಮಾತು ಬೆಳೆಸಲು ಬೇಸರ. ಒಂದು ಡ್ರಮ್ಮಿನ ಮುಚ್ಚಳದ ಮೇಲೆ ಕಾಗದವಿಟ್ಟು ಸಹಿ ಹಾಕಿದೆ. ನನ್ನ ಪಾಲಿನ ಪ್ರತಿಯನ್ನು ಮಡಚಿ ಬ್ಯಾಗಿಗೆ ಹಾಕಿಕೊಂಡೆ.

ನಾಲ್ಕನೆಯ ಭಾನುವಾರ ಹೋಗಿ ಕೂತೆ. ಸಹಿ ಹಾಕಿದ್ದನ್ನು ಯಾರಿಗೂ ಹೇಳಿರಲಿಲ್ಲ, ಹೆಂಡತಿಗೂ. ಓದಿ ಮುಗಿದ ಮೇಲೆ ಹೇಳಿದರಾಯಿತು, ಪುಸ್ತಕವಂತೂ ಮುಗಿಯಲಿ, ಎಂದುಕೊಂಡಿದ್ದೆ. ಎಂಥ ಬುದ್ಧಿ ನೋಡಿ. ಮಾಮ್ಮಗಾರು ಎಂದಿನ ಹಾಗೆ ಪುಸ್ತಕ ಕೈಗಿಟ್ಟರು. ಅಪ್ಪ ಗಾಡಿಯ ಸುತ್ತ ಕಡಾಣಿ ಹುಡುಕುತ್ತಾನೆ, ಎತ್ತು ಕಟ್ಟಿ ಆಗಿದೆ, ಬಿಸಿಲೇರುತ್ತಿದೆ. ಆ ಹೊತ್ತಿಗೆ ನನ್ನ ತೆಲುಗು ಓದು ಎಷ್ಟೋ ಸುಧಾರಿಸಿತ್ತು, ಯಾರೂ ನಗಲಿಲ್ಲ. ಅಪ್ಪ ಮಗಳ ಮುಂದೆ ಬಂದು ನಿಂತ ಎಂಬಲ್ಲಿ ಮಾಮ್ಮಗಾರು ಕೈ ಎತ್ತಿದರು. ಪ್ರಶ್ನೆ ಕೇಳುವ ಹೊತ್ತು.

“ಆ ಹುಡುಗಿಗೆ ಏನು ಬೇಕು?” ಎಂದು ಕೇಳಿದೆ. ನನ್ನ ದನಿ ನನಗೇ ಸುಳ್ಳಾಗಿ ಕೇಳಿಸಿತು.

ಮಗಳು ಮಾತಾಡಿದಳು. ಚಾಪೆಯ ಅಂಚು ಕೀಳುತ್ತಾ, ತಲೆಯೆತ್ತದೆ, ತೆಲುಗಿನಲ್ಲಿ, ನಿಲ್ಲಿಸದೆ ಮಾತಾಡಿದಳು. ಅಷ್ಟು ಉದ್ದ ಅವಳು ನನ್ನೆದುರು ಮಾತಾಡಿದ್ದು ಅದೇ ಮೊದಲು. ಅವಳಿಗೆ ಗಾಡಿ ಬೇಡವೆಂದಿಲ್ಲ, ಅಪ್ಪನ ಮೇಲೆ ಸಿಟ್ಟೂ ಇಲ್ಲ. ಅಪ್ಪ ಎಲ್ಲಿ ಹೋದರೂ ಅಲ್ಲಿ ಬಿದಿರು ನೋಡುತ್ತಾನೆ, ಅವಳಿಗೆ ಬಾವಿಕಟ್ಟೆ ಇದೊಂದೇ. ಇಲ್ಲಿ ಅವಳು ಮಾತಾಡಿದರೆ ಕೇಳುವವರಿದ್ದಾರೆ. ಒಂದು ವರ್ಷ, ಒಂದೇ ವರ್ಷ. ಆ ಊರಲ್ಲಿ ಒಬ್ಬ ಮುದುಕಿ ಇದ್ದಾಳಲ್ಲ, ಅವಳ ಹತ್ತಿರ ಬಿಟ್ಟು ಹೋಗಲಿ. ಮುದುಕಿ ಆಗಲಿ ಅಂದಿದ್ದಾಳೆ. ಕೈಯಲ್ಲಿರುವ ಕೆಲಸ ಮುಗಿಸಿ ಅವಳೇ ಬರುತ್ತಾಳೆ. ಯಾರಾದರೂ ಕೇಳಿದ್ದರೆ ಕಡಾಣಿಯನ್ನು ಅವಳೇ ತಂದು ಕೊಡುತ್ತಿದ್ದಳು.

ಪುಸ್ತಕದಲ್ಲಿ ಯಾವ ಮುದುಕಿಯೂ ಇರಲಿಲ್ಲ. ನಾನು ತಲೆಯೆತ್ತಿ ಮಾಮ್ಮಗಾರನ್ನು ನೋಡಿದೆ. ಅವರು ನನ್ನನ್ನೇ ನೋಡುತ್ತಿದ್ದರು. ವಿಜಯವಾಡದ ವಿಷಯ ಅವರೇ ಮಗಳಿಗೆ ಹೇಳಿರಬೇಕು ಎಂದುಕೊಂಡೆ. ಹತ್ತನೆಯ ತರಗತಿ ಮುಗಿಯುವವರೆಗೆ ಒಂದು ವರ್ಷ, ಕೆಳಗಿನ ಮನೆ, ಮಾಮ್ಮಗಾರು. ಎಲ್ಲ ಸರಿಯಾಗಿತ್ತು. ಆಗಬಹುದಾಗಿತ್ತು. ಸಹಿ ಹಾಕುವ ಮೊದಲು ಹೀಗೊಂದು ದಾರಿ ಕೇಳಿದ್ದರೆ ನಾನು ಒಪ್ಪಿರುತ್ತಿದ್ದೆ, ಅಥವಾ ಕಾಗದವನ್ನೇ ಬೇಡವೆಂದಿರುತ್ತಿದ್ದೆ. ಈಗಲೂ ಒಪ್ಪಬಹುದಿತ್ತಲ್ಲ ಎಂದು ನೀವು ಕೇಳಬಹುದು. ಗೋದಾಮಿನ ಕೆಲಸಕ್ಕೂ ಮಗಳು ಇಲ್ಲಿ ಉಳಿಯುವುದಕ್ಕೂ ಏನು ಸಂಬಂಧ? ಏನೂ ಇಲ್ಲ. ಆದರೆ ಆ ಕ್ಷಣದಲ್ಲಿ ನನ್ನೊಳಗೆ ಇದ್ದದ್ದು ಸಿಕ್ಕಿಬಿದ್ದವನ ಗಾಬರಿ ಮಾತ್ರ. ಮಾಮ್ಮಗಾರ ಕಾಯಿದೆ ಮುರಿದೆ. ಆ ಹುಡುಗಿಯನ್ನು ಬಿಟ್ಟು ಈ ಹುಡುಗಿಗೆ, ಎಲ್ಲರೆದುರು, ಕನ್ನಡದಲ್ಲಿ ಹೇಳಿದೆ. “ಸಹಿ ಹಾಕಿ ಆಯ್ತು ಕಣಮ್ಮ. ಎಲ್ರೂ ಹೋಗ್ತೀವಿ. ಅಲ್ಲೂ ಒಳ್ಳೆ ಸ್ಕೂಲ್ ಇದೆ.”

ಅವಳು ಅಳಲಿಲ್ಲ. ಪುಸ್ತಕ ಮುಚ್ಚಿ, ರಟ್ಟಿನ ಧೂಳು ಒರೆಸಿ, ಮಾಮ್ಮಗಾರ ಮುಂದಿಟ್ಟಳು. ಆಮೇಲೆ ನನ್ನ ಕಡೆ ತಿರುಗಿ, ಒಂದೂ ತೆಲುಗು ಪದವಿಲ್ಲದ ಸ್ವಚ್ಛ ಕನ್ನಡದಲ್ಲಿ, “ಊಟಕ್ಕೆ ಹೋಗೋಣ ಅಪ್ಪ, ಅನ್ನ ಆರುತ್ತೆ” ಎಂದಳು.

ಮಾಮ್ಮಗಾರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಬಾಗಿಲವರೆಗೆ ಬಂದು, ತುಂಬಾ ದಣಿದಿದ್ದೀರಿ ಬಾಬು, ಹೋಗಿ ಮಲಗಿ, ಎಂದರು.

ವಿಜಯವಾಡಕ್ಕೆ ಬಂದೆವು. ಅಡುಗೆಮನೆಯ ಕಿಟಕಿಯಿಂದ ಇಂದ್ರಕೀಲಾದ್ರಿ ಬೆಟ್ಟ ಕಾಣುವ ಮನೆ. ಬಯಸಿದ ಹಾಗೇ ಸಂಜೆ ಆರಕ್ಕೆ ಮನೆ ಸೇರುತ್ತಿದ್ದೆ. ತೆಲುಗು ಕಥೆ ಪುಸ್ತಕಗಳನ್ನು ತಂದೆ. ನಾನೇ ಗಟ್ಟಿಯಾಗಿ ಓದಿ, ಈ ಹುಡುಗ ಯಾಕೆ ಹೀಗೆ ಮಾಡಿದ, ಎಂದು ಮಗಳನ್ನು ಕೇಳುತ್ತಿದ್ದೆ. “ಬುಕ್ಕಲ್ಲಿ ಬರೆದಿಲ್ಲ ಅಪ್ಪ” ಎನ್ನುತ್ತಿದ್ದಳು. ಕೋಪವಿಲ್ಲ, ಒರಟುತನವಿಲ್ಲ. ನಾಲ್ಕೈದು ಸಲ ಕೇಳಿದೆ. ಅದೇ ಉತ್ತರ. ನಾನೂ ಬಿಟ್ಟೆ. ಅವಳ ಕನ್ನಡ ಮಾತ್ರ ಬಹಳ ಚೆನ್ನಾಯಿತು. ನನ್ನ ಜೊತೆ ಕನ್ನಡ ಬಿಟ್ಟು ಬೇರೆ ಆಡುತ್ತಲೇ ಇರಲಿಲ್ಲ. ಅರಸೀಕೆರೆಯಲ್ಲಿ ನಮ್ಮಣ್ಣ ಬೆನ್ನು ತಟ್ಟಿ, ಅಂತೂ ಮಗಳನ್ನ ಉಳಿಸಿಕೊಂಡೆ ಬಿಡೋ, ಎಂದ.

ಮಾಮ್ಮಗಾರು ಹಬ್ಬಕ್ಕೊಮ್ಮೆ ಫೋನ್ ಮಾಡುತ್ತಿದ್ದರು. ಮಂಡಿನೋವು, ಹೊಸ ಬಾಡಿಗೆಯವರು, ಎಲ್ಲ ಹೇಳಿ ಕೊನೆಗೆ, ಇಬ್ಬರೂ ಓದುತ್ತಿದ್ದೀರಾ, ಎಂದು ಕೇಳುತ್ತಿದ್ದರು. ಓದುತ್ತಿದ್ದೇವೆ ಎಂದು ಸುಳ್ಳು ಹೇಳುತ್ತಿದ್ದೆ. ಒಮ್ಮೆ ಹೋಗಿ ನೋಡಿ ಬರಬೇಕು ಎಂದು ಪ್ರತಿ ಸಂಕ್ರಾಂತಿಗೂ ಅಂದುಕೊಂಡೆ. ರೈಲಿನಲ್ಲಿ ಆರೇಳು ಗಂಟೆ, ಅಷ್ಟೇ. ಹೋಗಲಿಲ್ಲ. ಮೂರು ವರ್ಷದ ಹಿಂದೆ ಆ ಧಾರವಾಡದ ತಾಯಿ ಎಲ್ಲಿಂದಲೋ ನಂಬರ್ ಹುಡುಕಿ ಫೋನ್ ಮಾಡಿ, “ಮಾಮ್ಮಗಾರು ಹೋದ್ರು ಅಣ್ಣಾರ, ಹದಿನೈದ್ ದಿನಾತು” ಎಂದರು. ಪುಸ್ತಕಗಳೆಲ್ಲ ಏನಾದವು ಎಂದು ಕೇಳಿದೆ. ಅವರಿಗೂ ಗೊತ್ತಿರಲಿಲ್ಲ.

ಮಗಳು ಓದು ಮುಗಿಸಿದ ಕೂಡಲೇ ಮಧುರವಾಡದ ಒಂದು ಐಟಿ ಕಂಪನಿ ಸೇರಿಕೊಂಡಳು. ಬೇರೆ ಎಲ್ಲೂ ಅರ್ಜಿಯನ್ನೇ ಹಾಕಲಿಲ್ಲ. ನಮ್ಮ ಹಳೆಯ ಅಪಾರ್ಟ್‌ಮೆಂಟಿನ ಹಿಂದಿನ ಬೀದಿಯಲ್ಲೇ ರೂಮು ಮಾಡಿದ್ದಾಳೆ. ನಾನು ಆ ಗ್ರಂಧಿಗೆ ಅಂಗಡಿಯಿಂದ ಬಂದ ವಾರವೇ ಎರಡು ದಿನದ ರಜೆಗೆ ಮನೆಗೆ ಬಂದಿದ್ದಳು. ಮಧ್ಯಾಹ್ನ ಇಬ್ಬರೂ ಗೋಂಗೂರ ಸೊಪ್ಪು ಬಿಡಿಸುತ್ತಾ ಕೂತಿದ್ದೆವು. ಮಾಮ್ಮಗಾರು ನೆನಪಾದರು ಎಂದೆ. ಅವಳು ಸೊಪ್ಪಿನಿಂದ ಕಣ್ಣು ತೆಗೆಯದೆ ಹೇಳಿದಳು.

“ಅಪ್ಪ, ನೀವು ಸಹಿ ಹಾಕಿದ್ದು ನಂಗೆ ಶನಿವಾರವೇ ಗೊತ್ತಿತ್ತು. ಟಿಫನ್ ಬಾಕ್ಸ್ ತೆಗೆಯೋಕೆ ಅಂತ ನಿಮ್ಮ ಬ್ಯಾಗ್ ತೆಗೆದಾಗ ಪೇಪರ್ ಸಿಕ್ತು. ಮಾಮ್ಮಗಾರ ಹತ್ರ ಹೋಗಿ ಅತ್ತೆ.”

ಅಂದರೆ ನಾನು ಗಂಭೀರವಾಗಿ ಓದುತ್ತಿದ್ದಾಗ, ಆ ಹುಡುಗಿಗೆ ಏನು ಬೇಕು ಎಂದು ಕೇಳಿದಾಗ, ಇಬ್ಬರಿಗೂ ಗೊತ್ತಿತ್ತು. ನಾನೊಬ್ಬನೇ ಗುಟ್ಟು ಹೊತ್ತು ಕೂತಿದ್ದೇನೆ ಎಂದುಕೊಂಡಿದ್ದೆ.

“ಮತ್ತೆ ಅಷ್ಟೆಲ್ಲ ಯಾಕೆ ಹೇಳಿದೆ?” ಎಂದೆ.

“ನಾನು ಹೇಳಲ್ಲ ಅಂದೆ. ಹೇಳಿ ಏನ್ ಪ್ರಯೋಜನ ಅಂದೆ. ಮಾಮ್ಮಗಾರೇ, ‘ನೀ ಕೋಸಂ ಕಾದಮ್ಮಾ, ಆಯನ ಕೋಸಂ ಚೆಪ್ಪು’ ಅಂದ್ರು. ನಿನಗೋಸ್ಕರ ಅಲ್ಲ, ಅವರಿಗೋಸ್ಕರ ಹೇಳು ಅಂತ. ಮುಂದೆ ಯಾವತ್ತಾದ್ರೂ, ನಮ್ಮ ಮಗಳಿಗೆ ಆಗ ಏನು ಬೇಕಿತ್ತೋ ಅಂತ ಅವರು ಒದ್ದಾಡಬಾರದು, ಅದಾದ್ರೂ ಗೊತ್ತಿರಲಿ ಅಂತ.”

ಹೇಳಿ, ಬುಟ್ಟಿ ಎತ್ತಿಕೊಂಡು ಸೊಪ್ಪು ತೊಳೆಯಲು ಒಳಗೆ ಹೋದಳು. ನಲ್ಲಿಯ ಸದ್ದು ಕೇಳುತ್ತಿತ್ತು. ಎದ್ದು ಹತ್ತು ಹೆಜ್ಜೆ ಹೋಗಿ, ತಪ್ಪಾಯಿತು ಕಣಮ್ಮ, ಎನ್ನಬಹುದಿತ್ತು. ಬಾಯಿಯವರೆಗೆ ಬಂತು. ಕೆಳಗೆ ಉದುರಿದ್ದ ಸೊಪ್ಪಿನ ಕಡ್ಡಿಗಳನ್ನು ಆರಿಸಿ ಗುಡ್ಡೆ ಮಾಡುತ್ತಾ ಕೂತೆ. ಪುಸ್ತಕದ ಹುಡುಗಿಯನ್ನು ಕೇಳುವುದನ್ನು ಮಾಮ್ಮಗಾರು ನನಗೆ ಕಲಿಸಿದ್ದರು. ಎದುರಿಗಿರುವ ಹುಡುಗಿಯ ಹತ್ತಿರ ಮಾತಾಡುವುದನ್ನು ಕಲಿಸುವ ಮೊದಲೇ ನಾನು ಎದ್ದು ಬಂದುಬಿಟ್ಟಿದ್ದೆ.

ಮಾರನೆಯ ಬೆಳಿಗ್ಗೆ ಅವಳನ್ನು ಬಿಡಲು ಸ್ಟೇಷನ್ನಿಗೆ ಹೋದೆ. ಬ್ಯಾಗನ್ನು ಕಿಟಕಿಯ ಪಕ್ಕ ಇಟ್ಟು ಕೆಳಗಿಳಿದೆ. ಹುಷಾರು, ನೀರು ಕುಡಿ, ಹೊತ್ತಿಗೆ ಸರಿಯಾಗಿ ಊಟ ಮಾಡು, ಎಂದೆಲ್ಲ ಎಂದಿನ ಮಾತು ಹೇಳಿದ ಮೇಲೆ ರೈಲು ಅಲುಗಿತು. ಆಗ ಹೇಗೆ ಬಂತೋ ಗೊತ್ತಿಲ್ಲ, “ನಿನ್ನೂರು ಸೇರಿದ ಮೇಲೆ ಫೋನ್ ಮಾಡಮ್ಮ” ಎಂದೆ. ಅವಳು ತಟ್ಟನೆ ತಿರುಗಿ ನನ್ನ ಮುಖ ನೋಡಿದಳು. ಏನೋ ಹೇಳಲು ಬಾಯಿ ತೆರೆದಳು, ರೈಲು ಮುಂದೆ ಹೋಯಿತು. ನಾನು ಪ್ಲಾಟ್‌ಫಾರಂ ಬೆಂಚಿನ ಮೇಲೆ ಬಹಳ ಹೊತ್ತು ಕೂತಿದ್ದೆ. ಅಷ್ಟು ಹೇಳಲು ನನಗೆ ಹತ್ತು ವರ್ಷ ಬೇಕಾಯಿತು ಮಾಮ್ಮಗಾರು, ಎಂದು ಹೋಗಿ ಹೇಳಿಕೊಳ್ಳೋಣವೆಂದರೆ ಮಧುರವಾಡದ ಆ ಕೆಳಗಿನ ಮನೆಯಲ್ಲಿ ಈಗ ಬೇರೆ ಯಾರೋ ಇದ್ದಾರೆ.